ನದಿ ದಾರಿ ಬದಲಿಸುವ ನೆಲ: ಮೆಕ್ಕಲು ಬೀಸಣಿಗೆಗಳಲ್ಲಿ ಪ್ರವಾಹ ನಕ್ಷೆ ಮತ್ತು ನಿಯಂತ್ರಣ ಕಾಮಗಾರಿ

ಕೃಷ್ಣೆ, ತುಂಗಭದ್ರೆ, ಕಾವೇರಿಗಳ ದಡದಲ್ಲಿ ಹುಟ್ಟಿ ಬೆಳೆದವರಿಗೆ ನದಿಯೆಂದರೆ ಒಂದು ನಿಶ್ಚಿತ ಸ್ಥಳ. ಮಳೆಗಾಲದಲ್ಲಿ ಅದು ಉಕ್ಕಬಹುದು, ದಡದ ಹೊಲಗದ್ದೆಗಳನ್ನು ಮುಳುಗಿಸಬಹುದು. ಆದರೆ ನೆರೆ ಇಳಿದ ಮೇಲೆ ತನ್ನ ಹಳೆಯ ಪಾತ್ರಕ್ಕೇ ಮರಳುತ್ತದೆ. ದಖನ್ನಿನ ಗಟ್ಟಿ ಬಂಡೆಯ ನಡುವೆ ಲಕ್ಷಾಂತರ ವರ್ಷಗಳಿಂದ ಕೊರೆದುಕೊಂಡ ಕಣಿವೆಯನ್ನು ಬಿಟ್ಟು ಹೋಗಲು ಅದಕ್ಕೆ ಬೇರೆ ದಾರಿಯಿಲ್ಲ. ಇಂತಹ ನದಿಯ ಪ್ರವಾಹದ ಅಪಾಯವನ್ನು ಅಳೆಯಲು ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ನೀರು ಎಷ್ಟು ಎತ್ತರ ಏರುತ್ತದೆ?

ಹಿಮಾಲಯದ ಬುಡದಲ್ಲಿ ಹರಡಿರುವ ಬಯಲಿನಲ್ಲಿ ಈ ಒಂದು ಪ್ರಶ್ನೆ ಸಾಲದು. ಅಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ: ನೀರು ಯಾವ ದಾರಿ ಹಿಡಿಯುತ್ತದೆ? ಅಲ್ಲಿನ ಕೆಲವು ನದಿಗಳು ತಮ್ಮ ಪಾತ್ರವನ್ನೇ ತೊರೆದು ಹತ್ತಾರು ಕಿಲೋಮೀಟರು ಆಚೆಗೆ ಹೊಸ ಪಾತ್ರ ಹಿಡಿದ ಉದಾಹರಣೆಗಳಿವೆ. ಇವುಗಳಲ್ಲಿ ಬಿಹಾರದ ಕೋಸಿ ಪ್ರಸಿದ್ಧವಾದುದು. ಇಂತಹ ನೆಲದಲ್ಲಿ ಪ್ರವಾಹದ ಅಪಾಯವನ್ನು ನಕ್ಷೆಯಲ್ಲಿ ಗುರುತಿಸುವುದು ಹೇಗೆ, ನಿಯಂತ್ರಣ ಕಾಮಗಾರಿಗಳು ಎಷ್ಟರಮಟ್ಟಿಗೆ ರಕ್ಷಣೆ ನೀಡಬಲ್ಲವು ಎಂಬುದನ್ನು ಕೋಸಿಯ ನಿದರ್ಶನದ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ.

ಮೆಕ್ಕಲು ಬೀಸಣಿಗೆ ಎಂದರೇನು?

ಬೆಟ್ಟದ ಕಡಿದಾದ ಕಣಿವೆಯಲ್ಲಿ ರಭಸದಿಂದ ಇಳಿಯುವ ಹೊಳೆಯು ತನ್ನೊಡನೆ ಕಲ್ಲು, ಮರಳು, ಮಣ್ಣನ್ನು ಹೊತ್ತು ತರುತ್ತದೆ. ಬೆಟ್ಟ ಮುಗಿದು ಬಯಲು ತೊಡಗುವ ಸ್ಥಳದಲ್ಲಿ ಇಳಿಜಾರು ಒಮ್ಮೆಲೇ ತಗ್ಗುತ್ತದೆ. ಇಕ್ಕೆಲದ ಗೋಡೆಗಳಿಲ್ಲದೆ ನೀರು ಅಗಲವಾಗಿ ಹರಡಿಕೊಳ್ಳುತ್ತದೆ. ವೇಗ ಕುಂದಿದೊಡನೆ ಅದರ ಹೊರುವ ಶಕ್ತಿಯೂ ಕುಂದುತ್ತದೆ. ಮೊದಲು ದಪ್ಪ ಕಲ್ಲುಗಳು, ಆನಂತರ ಮರಳು, ಕೊನೆಗೆ ನುಣುಪಾದ ಮೆಕ್ಕಲು ಮಣ್ಣು ಹೀಗೆ ಕ್ರಮವಾಗಿ ನೆಲಕ್ಕಿಳಿಯುತ್ತವೆ.

ಹೂಳು ತುಂಬಿದಂತೆ ಹೊಳೆಯ ಪಾತ್ರವೇ ಸುತ್ತಲಿನ ನೆಲಕ್ಕಿಂತ ಎತ್ತರವಾಗುತ್ತದೆ. ಎತ್ತರದಲ್ಲಿರುವ ನೀರು ತಗ್ಗನ್ನು ಹುಡುಕುವುದು ಸಹಜ. ಒಂದು ನೆರೆಯಲ್ಲಿ ದಡ ಒಡೆದು, ಹೊಳೆಯು ಪಕ್ಕದ ತಗ್ಗಿಗೆ ಹೊರಳುತ್ತದೆ. ಅಲ್ಲಿಯೂ ಹೂಳು ತುಂಬಿದ ಮೇಲೆ ಮತ್ತೊಂದು ಕಡೆಗೆ ಹೊರಳುತ್ತದೆ. ಸಾವಿರಾರು ವರ್ಷಗಳ ಕಾಲ ಹೀಗೆ ಅತ್ತಿತ್ತ ಸರಿಯುತ್ತ ಹರಿದ ಹೊಳೆಯು ಕಣಿವೆಯ ಬಾಯಿಯಿಂದ ಬಯಲಿನವರೆಗೆ ಬಿಚ್ಚಿದ ಬೀಸಣಿಗೆಯ ಆಕಾರದ ಭೂಪ್ರದೇಶವೊಂದನ್ನು ನಿರ್ಮಿಸುತ್ತದೆ. ಭೂವಿಜ್ಞಾನಿಗಳು ಅಲ್ಯೂವಿಯಲ್ ಫ್ಯಾನ್ ಎಂದು ಕರೆಯುವ ಇದನ್ನು ಕನ್ನಡದಲ್ಲಿ ಮೆಕ್ಕಲು ಬೀಸಣಿಗೆ ಎನ್ನಬಹುದು. ಬೀಸಣಿಗೆಯ ಹಿಡಿಯಿರುವ ಸ್ಥಳ ಕಣಿವೆಯ ಬಾಯಿ. ಅದರ ಕಡ್ಡಿಗಳಂತೆ ಹರಡಿರುವುವು ನದಿಯ ಹಳೆಯ ಪಾತ್ರಗಳು.

ಇಲ್ಲಿ ಮನಗಾಣಬೇಕಾದ ಅಂಶವೆಂದರೆ, ನದಿಯು ದಾರಿ ಬದಲಿಸುವುದು ಅಪಘಾತವಲ್ಲ. ಬೀಸಣಿಗೆಯು ರೂಪುಗೊಂಡಿರುವುದೇ ಆ ಕ್ರಿಯೆಯಿಂದ. ಇಂದು ಒಣಗಿರುವ ಪಾತ್ರವು ಹಿಂದೊಮ್ಮೆ ನದಿಯ ದಾರಿಯಾಗಿತ್ತು, ಮುಂದೆಯೂ ಆಗಬಹುದು.

ಕೋಸಿಯ ಅಲೆದಾಟ

ಕೋಸಿಗೆ ಸಪ್ತಕೋಸಿ ಎಂದೂ ಹೆಸರುಂಟು. ಟಿಬೆಟ್ ಮತ್ತು ನೇಪಾಳದ ಹಿಮಶಿಖರಗಳಿಂದ ಇಳಿಯುವ ಅದರ ಉಪನದಿಗಳಲ್ಲಿ ಸುನ್‌ಕೋಸಿ, ಅರುಣ್ ಮತ್ತು ತಮೂರ್ ಮುಖ್ಯವಾದವು. ಈ ಮೂರೂ ನೇಪಾಳದ ತ್ರಿವೇಣಿಯಲ್ಲಿ ಕೂಡಿ, ವರಾಹಕ್ಷೇತ್ರದ ಕಿರುಗಣಿವೆಯನ್ನು ದಾಟಿ, ಚತರಾ ಎಂಬಲ್ಲಿ ಬಯಲನ್ನು ಸೇರುತ್ತವೆ. ಅಲ್ಲಿಂದ ಮುಂದೆ ಗಂಗೆಯವರೆಗೆ ಇರುವುದೆಲ್ಲ ಕೋಸಿಯ ಬೀಸಣಿಗೆ. ಸುಮಾರು 180 ಕಿಲೋಮೀಟರು ಉದ್ದ, ಸುಮಾರು 150 ಕಿಲೋಮೀಟರು ಅಗಲವಿರುವ ಇದು ಜಗತ್ತಿನ ಅತಿ ದೊಡ್ಡ ಮೆಕ್ಕಲು ಬೀಸಣಿಗೆಗಳಲ್ಲಿ ಒಂದು. ನೋಡುವವರ ಕಣ್ಣಿಗೆ ಇದು ಚಪ್ಪಟೆಯಾದ ಬಯಲು. ಮೇಲ್ಭಾಗದಲ್ಲಿ ಕಿಲೋಮೀಟರಿಗೆ ಸುಮಾರು ಒಂದು ಮೀಟರಿನಷ್ಟಿರುವ ಇಳಿಜಾರು ಗಂಗೆಯ ಸಮೀಪದಲ್ಲಿ ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ.

ನದಿಯು ವರ್ಷವೊಂದಕ್ಕೆ ಹೊತ್ತು ತರುವ ಹೂಳು ಹತ್ತು ಕೋಟಿ ಟನ್ನಿನ ಆಸುಪಾಸಿನಲ್ಲಿರುತ್ತದೆಂದು ಅಂದಾಜು. ಇಷ್ಟು ಹೂಳು ಇಷ್ಟು ಕಡಿಮೆ ಇಳಿಜಾರಿನಲ್ಲಿ ಸಾಗುವುದು ಅಸಾಧ್ಯ. ಆದುದರಿಂದಲೇ 18ನೆಯ ಶತಮಾನದಲ್ಲಿ ಪೂರ್ಣಿಯಾ ಪಟ್ಟಣದ ಬಳಿ ಹರಿಯುತ್ತಿದ್ದ ಕೋಸಿಯು 20ನೆಯ ಶತಮಾನದ ಮಧ್ಯದ ಹೊತ್ತಿಗೆ ಸುಮಾರು 110ರಿಂದ 120 ಕಿಲೋಮೀಟರು ಪಶ್ಚಿಮಕ್ಕೆ ಸರಿದಿತ್ತು. ಅದು ಬಿಟ್ಟುಹೋದ ಪಾತ್ರಗಳನ್ನು ಅಲ್ಲಿನ ಜನ ಧಾರ್ ಎಂದು ಕರೆಯುತ್ತಾರೆ. ಒಂದೊಂದು ಧಾರಿಗೂ ಒಂದೊಂದು ಹೆಸರಿದೆ. ಬೇಸಿಗೆಯಲ್ಲಿ ಇವುಗಳಲ್ಲಿ ಕೆಲವು ಕಿರುತೊರೆಗಳು, ಕೆಲವು ಬರಿಯ ತಗ್ಗುಗಳು. ಉಳಿದವು ಉತ್ತು ಬಿತ್ತಿದ ಹೊಲಗಳು.

ಕೋಸಿಯ ಈ ಸ್ವಭಾವವನ್ನು ಕುರಿತ ಮಹತ್ವದ ಅಧ್ಯಯನವೊಂದು ಪುಣೆಯ ಖಡಕ್‌ವಾಸಲಾದಲ್ಲಿರುವ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಿಂದ ಬಂದಿತು. ಅಲ್ಲಿನ ಗೋಳೆ ಮತ್ತು ಚಿತಳೆ ಎಂಬ ಇಂಜಿನಿಯರರು 1966ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕೋಸಿಯು ಒಳನಾಡಿನಲ್ಲಿಯೇ ನದೀಮುಖಜ ಭೂಮಿಯನ್ನು ಕಟ್ಟುತ್ತಿರುವ ನದಿಯೆಂದು ವಿವರಿಸಿದರು. ಅದರ ಚಲನೆಯು ಯಾವಾಗಲೂ ಒಂದೇ ದಿಕ್ಕಿನಲ್ಲಿ, ಒಂದೇ ಕ್ರಮದಲ್ಲಿ ಸಾಗಿಲ್ಲವೆಂದು ಹಳೆಯ ನಕ್ಷೆಗಳನ್ನು ಪರಿಶೀಲಿಸಿದ ನಂತರದ ಸಂಶೋಧಕರು ತೋರಿಸಿದ್ದಾರೆ. ಪಶ್ಚಿಮಕ್ಕೆ ಸರಿದ ನದಿಯು ಪೂರ್ವಕ್ಕೆ ಮರಳದೆಂದು ನಂಬಲು ಕಾರಣವಿರಲಿಲ್ಲ.

ಏರಿಗಳು ಮತ್ತು ಬ್ಯಾರೇಜು

ಸ್ವಾತಂತ್ರ್ಯಾನಂತರದ ವರ್ಷಗಳಲ್ಲಿ ಕೋಸಿಯನ್ನು ಹಿಡಿದು ನಿಲ್ಲಿಸುವ ಕಾರ್ಯ ಆರಂಭವಾಯಿತು. 1954ರ ಏಪ್ರಿಲ್ 25ರಂದು ಭಾರತ ಮತ್ತು ನೇಪಾಳ ಸರಕಾರಗಳ ನಡುವೆ ಒಪ್ಪಂದವಾಯಿತು. 1955ರಲ್ಲಿ ನದಿಯ ಎರಡೂ ಬದಿಗಳಲ್ಲಿ ಕೆರೆಯ ಏರಿಯನ್ನು ಹೋಲುವ ಮಣ್ಣಿನ ಏರಿಗಳ ನಿರ್ಮಾಣ ತೊಡಗಿತು. ಸಾವಿರಾರು ಜನ ಶ್ರಮದಾನ ಮಾಡಿದರು. ಎರಡೂ ಬದಿಗಳನ್ನು ಸೇರಿಸಿದರೆ ಇವುಗಳ ಉದ್ದ ಇನ್ನೂರು ಕಿಲೋಮೀಟರಿಗೂ ಮಿಕ್ಕದ್ದು. ಗಡಿಯಲ್ಲಿ, ಭೀಮನಗರದ ಬಳಿ, 56 ಬಾಗಿಲುಗಳ ಬ್ಯಾರೇಜು 1963ರ ಹೊತ್ತಿಗೆ ಕಾರ್ಯಾರಂಭ ಮಾಡಿತು. ಸೆಕೆಂಡಿಗೆ 9.5 ಲಕ್ಷ ಘನ ಅಡಿ, ಅಂದರೆ 9.5 ಲಕ್ಷ ಕ್ಯುಸೆಕ್ ನೀರನ್ನು ಹೊರಬಿಡುವಂತೆ ಅದನ್ನು ರೂಪಿಸಲಾಯಿತು. 1968ರ ಅಕ್ಟೋಬರಿನಲ್ಲಿ 9.13 ಲಕ್ಷ ಕ್ಯುಸೆಕ್ ಪ್ರವಾಹ ಬಂದಾಗಲೂ ಬ್ಯಾರೇಜು ನಿಂತಿತು.

ಈ ಕಾಮಗಾರಿಗಳಿಂದಾದ ಲಾಭವನ್ನು ಅಲ್ಲಗಳೆಯುವಂತಿಲ್ಲ. ನದಿಯ ಪಶ್ಚಿಮಾಭಿಮುಖ ಚಲನೆ ನಿಂತಿತು. ಲಕ್ಷಾಂತರ ಎಕರೆ ಭೂಮಿಯಲ್ಲಿ ನಿರಾತಂಕವಾಗಿ ಬೆಳೆ ತೆಗೆಯುವುದು ಸಾಧ್ಯವಾಯಿತು. ರಸ್ತೆ, ರೈಲು, ಶಾಲೆ, ಪೇಟೆಗಳು ಬಂದವು.

ಆದರೆ ಏರಿಗಳು ನೀರನ್ನು ತಡೆಯಬಲ್ಲವೇ ಹೊರತು ಹೂಳನ್ನಲ್ಲ. ಮುನ್ನ ವಿಶಾಲವಾದ ಬೀಸಣಿಗೆಯ ಮೇಲೆಲ್ಲ ಹರಡಿಕೊಳ್ಳುತ್ತಿದ್ದ ಹೂಳು ಈಗ ಎರಡು ಏರಿಗಳ ನಡುವಿನ ಪಟ್ಟಿಯಲ್ಲಿ ಸಂಗ್ರಹವಾಗತೊಡಗಿತು. ವರ್ಷ ವರ್ಷಕ್ಕೂ ನದೀತಳ ಏರಿತು. ಅನೇಕ ಕಡೆಗಳಲ್ಲಿ ಅದು ಏರಿಯ ಹೊರಗಿನ ಗದ್ದೆಗಳಿಗಿಂತ ಎತ್ತರವಾಯಿತು. ಹೊರಗಿನ ಮಳೆಯ ನೀರು ನದಿಗೆ ಸೇರಲಾರದೆ ತಗ್ಗುಗಳಲ್ಲಿ ತಿಂಗಳುಗಟ್ಟಲೆ ನಿಲ್ಲುವಂತಾಯಿತು. ಎರಡು ಏರಿಗಳ ನಡುವೆ ಉಳಿದ ಮುನ್ನೂರಕ್ಕೂ ಹೆಚ್ಚು ಹಳ್ಳಿಗಳು ಪ್ರತಿ ಮುಂಗಾರಿನಲ್ಲಿಯೂ ನೆರೆಯ ಪಾಲಾದವು. 1963ರಲ್ಲಿ ನೇಪಾಳದ ಡಲ್ವಾದಲ್ಲಿ, 1984ರಲ್ಲಿ ಸಹರ್ಸಾ ಜಿಲ್ಲೆಯ ನವಹಟ್ಟಾದ ಬಳಿ ಏರಿ ಒಡೆಯಿತು. ನಡುವೆ ಬೇರೆ ಕಡೆಗಳಲ್ಲಿಯೂ ಬಿರುಕುಗಳಾದವು.

2008ರ ಆಗಸ್ಟ್ 18

ಈ ದಿನ ಬ್ಯಾರೇಜಿನಿಂದ ಸುಮಾರು 12 ಕಿಲೋಮೀಟರು ಮೇಲ್ಭಾಗದಲ್ಲಿ, ನೇಪಾಳದ ಕುಸಹಾ ಎಂಬಲ್ಲಿ, ಪೂರ್ವದ ಏರಿ ಒಡೆಯಿತು. ಆಗ ನದಿಯಲ್ಲಿ ಹರಿಯುತ್ತಿದ್ದ ನೀರು ಸುಮಾರು 1.44 ಲಕ್ಷ ಕ್ಯುಸೆಕ್. ರೂಪಿಸಿದ ಸಾಮರ್ಥ್ಯದ ಆರನೆಯ ಒಂದು ಭಾಗಕ್ಕೂ ಇದು ಕಡಿಮೆ. ನೀರು ಏರಿಯ ತಲೆಯ ಮೇಲೆ ಹರಿದುದರಿಂದ ಅದು ಒಡೆಯಲಿಲ್ಲ. ಪೂರ್ವದ ಏರಿಗೆ ಒತ್ತಿಕೊಂಡು ಹರಿಯುತ್ತಿದ್ದ ನದಿಯು, ಏರಿಯ ರಕ್ಷಣೆಗೆಂದು ಅದರಿಂದ ನದಿಯತ್ತ ಚಾಚಿ ಕಟ್ಟಿದ ಅಡ್ಡ ಒಡ್ಡುಗಳನ್ನು ಕೊರೆದು, ಆ ಬಳಿಕ ಏರಿಯ ಬುಡವನ್ನೇ ಕೊರೆಯಿತು.

ಹರಿವಿನ ಬಹುಪಾಲು ಹೊಸ ದಾರಿಗೆ ತಿರುಗಿತು. ಹೊಸ ದಾರಿಯೆಂದರೆ ನಿಜವಾಗಿ ಹಳೆಯ ದಾರಿ: ಸುರ್ಸರ್ ಮೊದಲಾದ ಧಾರುಗಳ ತಗ್ಗು. ನದಿಯು ತನ್ನ ಪಾತ್ರದಿಂದ ಸುಮಾರು 120 ಕಿಲೋಮೀಟರಿನಷ್ಟು ಪೂರ್ವಕ್ಕೆ ಹೊರಳಿತು. ಸುಪೌಲ್, ಮಧೇಪುರಾ, ಅರರಿಯಾ, ಸಹರ್ಸಾ, ಪೂರ್ಣಿಯಾ ಜಿಲ್ಲೆಗಳಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಸಂತ್ರಸ್ತರಾದರು. ಐನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮುಳುಗಿದ ಊರುಗಳಲ್ಲಿ ಬಹಳಷ್ಟು ಊರುಗಳು ಒಂದೆರಡು ತಲೆಮಾರುಗಳಿಂದ ಕೋಸಿಯ ನೆರೆಯನ್ನೇ ಕಂಡಿರಲಿಲ್ಲ. ಅಲ್ಲಿನ ಮನೆಗಳು ನೆರೆಗೆಂದು ಎತ್ತರಿಸಿದ ಜಗತಿಯ ಮೇಲೆ ನಿಂತಿರಲಿಲ್ಲ, ದೋಣಿಗಳೂ ಇರಲಿಲ್ಲ. ಏರಿಗಳ ನಡುವಿನ ಹಳ್ಳಿಗರಿಗೆ ನೆರೆಯೊಡನೆ ಬದುಕುವ ಅಭ್ಯಾಸವಾದರೂ ಇತ್ತು. ಏರಿಯ ಹೊರಗಿನವರಿಗೆ ತಾವು ಅಪಾಯದ ನೆಲದಲ್ಲಿದ್ದೇವೆಂಬ ಅರಿವೇ ಇರಲಿಲ್ಲ.

ಕಾನಪುರದ ಐ.ಐ.ಟಿ.ಯ ಭೂವಿಜ್ಞಾನಿ ರಾಜೀವ್ ಸಿನ್ಹಾ ಅವರು 2009ರಲ್ಲಿ ಈ ಘಟನೆಯನ್ನು ವಿಶ್ಲೇಷಿಸಿದರು. ನದಿಯು ದಾರಿ ಬದಲಿಸುವುದಕ್ಕೆ ದೊಡ್ಡ ಪ್ರವಾಹವೇ ಬೇಕಿಲ್ಲ. ಮುಂದಕ್ಕಿರುವ ಇಳಿಜಾರಿಗಿಂತ ಪಕ್ಕಕ್ಕಿರುವ ಇಳಿಜಾರು ಕಡಿದಾದಷ್ಟೂ ನದಿಯು ಹೊರಳಲು ಸಿದ್ಧವಾಗುತ್ತ ಹೋಗುತ್ತದೆ. ಆ ಮೇಲೆ ಸಣ್ಣದೊಂದು ಬಿರುಕೇ ಸಾಕು. ಈ ಅಸಮತೆಯನ್ನು ನೆಲಮಟ್ಟದ ಅಳತೆಯಿಂದ ಮೊದಲೇ ಗುರುತಿಸಲು ಸಾಧ್ಯವಿದೆಯೆಂಬುದು ಬಹು ಮುಖ್ಯವಾದ ಸಂಗತಿ.

ನಕ್ಷೆ ತಯಾರಿಸುವ ಬಗೆ

ಸಾಮಾನ್ಯ ನದಿಗೆ ಪ್ರವಾಹ ನಕ್ಷೆ ತಯಾರಿಸುವ ಕ್ರಮ ಹೀಗಿದೆ: ಹಲವು ವರ್ಷಗಳ ಹರಿವಿನ ದಾಖಲೆಯಿಂದ, ಯಾವುದೇ ಒಂದು ವರ್ಷದಲ್ಲಿ ನೂರಕ್ಕೆ ಒಂದರಷ್ಟು ಸಂಭವವಿರುವ ಪ್ರವಾಹದ ಗಾತ್ರವನ್ನು ಲೆಕ್ಕ ಹಾಕುತ್ತಾರೆ. ಇದಕ್ಕೆ ನೂರು ವರ್ಷದ ಪ್ರವಾಹವೆಂದು ಹೆಸರು. ಹೆಸರನ್ನು ಕೇಳಿ ನೂರು ವರ್ಷಕ್ಕೆ ಒಮ್ಮೆ ಮಾತ್ರ ಬರುವುದೆಂದು ತಿಳಿಯುವುದು ತಪ್ಪು. ಮೂವತ್ತು ವರ್ಷ ಒಂದೇ ಮನೆಯಲ್ಲಿ ವಾಸಿಸುವ ಕುಟುಂಬವು ಅಂತಹ ಪ್ರವಾಹವನ್ನು ಒಮ್ಮೆಯಾದರೂ ಎದುರಿಸುವ ಸಂಭವ ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಈ ಗಾತ್ರದ ನೀರು ಕಣಿವೆಯಲ್ಲಿ ಏರುವ ಮಟ್ಟವನ್ನು ನೆಲದ ಎತ್ತರದೊಡನೆ ಹೋಲಿಸಿ ಮುಳುಗಡೆಯ ಗೆರೆಯನ್ನು ಎಳೆಯುತ್ತಾರೆ.

ಬೀಸಣಿಗೆಯ ಮೇಲೆ ಇಂತಹ ಒಂದೇ ಗೆರೆ ಎಳೆಯುವುದು ಸಾಧ್ಯವಿಲ್ಲ. ಅಮೆರಿಕದ ಪಶ್ಚಿಮ ಭಾಗದ ಬೆಟ್ಟಗಳ ಬುಡದಲ್ಲಿ ಪಟ್ಟಣಗಳು ಬೆಳೆದಾಗ ಈ ತೊಡಕು ಎದುರಾಯಿತು. 1979ರಲ್ಲಿ ಜಲವಿಜ್ಞಾನಿ ಡಾಡಿ ಅವರು ಸೂಚಿಸಿದ ವಿಧಾನದಲ್ಲಿ ಎರಡು ಸಂಭವಗಳನ್ನು ಕೂಡಿಸಿ ಲೆಕ್ಕ ಮಾಡಲಾಗುತ್ತದೆ: ಇಂತಿಷ್ಟು ಗಾತ್ರದ ಪ್ರವಾಹ ಬರುವ ಸಂಭವ, ಮತ್ತು ಆ ಪ್ರವಾಹವು ನಿರ್ದಿಷ್ಟ ಸ್ಥಳದ ಮೂಲಕವೇ ಹಾದುಹೋಗುವ ಸಂಭವ. ಕಣಿವೆಯ ಬಾಯಿಯ ಬಳಿ ಬೀಸಣಿಗೆ ಕಿರಿದಾಗಿರುವುದರಿಂದ ಎರಡನೆಯ ಸಂಭವ ಹೆಚ್ಚು. ಕೆಳಕ್ಕೆ ಹೋದಂತೆ ಬೀಸಣಿಗೆ ಅಗಲವಾಗುವುದರಿಂದ ಅದು ಕಡಿಮೆ.

ನೀರು ಎಲ್ಲ ದಿಕ್ಕುಗಳಿಗೂ ಸಮಾನ ಸಂಭವದಿಂದ ಹರಿಯುತ್ತದೆಂಬ ಊಹೆ ಈ ವಿಧಾನದ ಕೊರತೆ. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿಯು 1996ರಲ್ಲಿ ಮೂರು ಹಂತಗಳ ಕ್ರಮವನ್ನು ಶಿಫಾರಸು ಮಾಡಿತು. ಮೊದಲನೆಯದು, ಆ ನೆಲ ನಿಜವಾಗಿಯೂ ಮೆಕ್ಕಲು ಬೀಸಣಿಗೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು. ಎರಡನೆಯದು, ಬೀಸಣಿಗೆಯ ಯಾವ ಭಾಗದಲ್ಲಿ ನೀರು ಮತ್ತು ಹೂಳಿನ ಚಟುವಟಿಕೆ ಇನ್ನೂ ನಡೆದಿದೆ, ಯಾವ ಭಾಗ ಬಹುಕಾಲದಿಂದ ಸ್ಥಿರವಾಗಿದೆ ಎಂಬುದನ್ನು ಮಣ್ಣು, ಸಸ್ಯ ಮತ್ತು ಹಳೆಯ ಪಾತ್ರಗಳ ಗುರುತುಗಳಿಂದ ನಿರ್ಧರಿಸುವುದು. ಮೂರನೆಯದು, ನೂರು ವರ್ಷದ ಪ್ರವಾಹಕ್ಕೆ ಗುರಿಯಾಗುವ ಪ್ರದೇಶವನ್ನು ಗುರುತಿಸುವುದು. ಲೆಕ್ಕಕ್ಕಿಂತ ಮೊದಲು ನೆಲವನ್ನು ಓದಬೇಕೆಂಬುದೇ ಇದರ ಸಾರ.

ನಮ್ಮ ದೇಶದಲ್ಲಿ ಪ್ರವಾಹದ ನಕ್ಷೆಗಳನ್ನು ತಯಾರಿಸುವಲ್ಲಿ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಪ್ರಮುಖ ಪಾತ್ರ ವಹಿಸಿದೆ. ಮುಂಗಾರಿನ ಮೋಡಗಳ ಮೂಲಕವೂ ನೆಲವನ್ನು ಕಾಣಬಲ್ಲ ರೇಡಾರ್ ಉಪಗ್ರಹಗಳ ಚಿತ್ರಗಳನ್ನು ಇದಕ್ಕೆ ಬಳಸಲಾಗುತ್ತದೆ. 1998ರಿಂದೀಚಿನ ಹಲವು ವರ್ಷಗಳ ಚಿತ್ರಗಳನ್ನು ಒಂದರ ಮೇಲೊಂದಿಟ್ಟು, ಯಾವ ನೆಲ ಎಷ್ಟು ವರ್ಷಗಳಲ್ಲಿ ಮುಳುಗಿತೆಂದು ಎಣಿಸಿ, ಅತಿ ಹೆಚ್ಚು ಅಪಾಯದಿಂದ ಅತಿ ಕಡಿಮೆ ಅಪಾಯದವರೆಗೆ ವರ್ಗೀಕರಿಸಿ ಬಿಹಾರದ ಪ್ರವಾಹ ಅಪಾಯ ನಕ್ಷಾಸಂಪುಟವನ್ನು ಸಿದ್ಧಪಡಿಸಲಾಗಿದೆ. ಜಿಲ್ಲಾಡಳಿತಗಳಿಗೆ ಇದು ಬಹು ಉಪಯುಕ್ತ.

ಆದರೆ ಬೀಸಣಿಗೆಯ ಮೇಲೆ ಇಂತಹ ನಕ್ಷೆಯನ್ನು ಓದುವಾಗ ಒಂದು ಎಚ್ಚರ ಅಗತ್ಯ. ಮುಳುಗಿದ ವರ್ಷಗಳ ಎಣಿಕೆಯಲ್ಲಿ ಏರಿಗಳ ನಡುವಿನ ನೆಲ ಮೊದಲ ಸ್ಥಾನದಲ್ಲಿರುವುದು ಸಹಜ. ಹತ್ತಾರು ವರ್ಷಗಳಲ್ಲಿ ಒಮ್ಮೆ, 2008ರಲ್ಲಿ ಮಾತ್ರ ಮುಳುಗಿದ ಊರು ಅದೇ ಎಣಿಕೆಯಲ್ಲಿ ಕೆಳಗಿನ ವರ್ಗಕ್ಕೆ ಸೇರುತ್ತದೆ. ಆದರೆ ಆ ಒಂದು ಬಾರಿ ಅಲ್ಲಿಗೆ ಬಂದದ್ದು ನಿಂತ ನೀರಲ್ಲ, ಇಡೀ ನದಿ. ಆದುದರಿಂದ ಮುಳುಗಡೆಯ ನಕ್ಷೆಯ ಜೊತೆಗೆ ಹಳೆಯ ಪಾತ್ರಗಳ ನಕ್ಷೆ, ನದೀತಳ ಮತ್ತು ಹೊರಗಿನ ನೆಲದ ಮಟ್ಟಗಳ ನಕ್ಷೆ, ಏರಿಯ ದುರ್ಬಲ ಸ್ಥಳಗಳ ನಕ್ಷೆ ಈ ಮೂರನ್ನೂ ಸೇರಿಸಿ ನೋಡಿದಾಗ ಮಾತ್ರ ಅಪಾಯದ ಪೂರ್ಣ ಚಿತ್ರ ದೊರೆಯುತ್ತದೆ.

ಕಾಮಗಾರಿಗಳ ಗುಣದೋಷಗಳು

ಬೀಸಣಿಗೆಗಳ ಮೇಲೆ ಕೈಗೊಳ್ಳುವ ಕಾಮಗಾರಿಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯ ಬಗೆ, ಹೂಳನ್ನು ಮೇಲ್ಭಾಗದಲ್ಲಿಯೇ ತಡೆಯುವುದು. ಅಮೆರಿಕದ ಲಾಸ್ ಏಂಜಲಿಸ್ ನಗರದ ಹಿಂದಿರುವ ಸ್ಯಾನ್ ಗೇಬ್ರಿಯಲ್ ಬೆಟ್ಟಗಳ ಬುಡದಲ್ಲಿ, ಪ್ರತಿ ಕಣಿವೆಯ ಬಾಯಿಯ ಬಳಿ ಹೂಳು ಸಂಗ್ರಹಿಸುವ ಕೊಳಗಳನ್ನು ಕಟ್ಟಲಾಗಿದೆ. ಕಲ್ಲು ಮಣ್ಣು ಕೊಳದಲ್ಲಿ ಉಳಿದು, ನೀರು ಮಾತ್ರ ಕಾಂಕ್ರೀಟು ಕಾಲುವೆಯಲ್ಲಿ ಸಾಗುತ್ತದೆ. ಕೊಳ ತುಂಬಿದಾಗಲೆಲ್ಲ ಬರಿದು ಮಾಡಬೇಕು. ಇಲ್ಲವಾದರೆ ಅದು ಇದ್ದೂ ಇಲ್ಲದಂತೆ. ಸಣ್ಣ ಹೊಳೆಗಳಿಗೆ ಒಗ್ಗುವ ಈ ಉಪಾಯ ಕೋಸಿಯಂತಹ ಮಹಾನದಿಗೆ ಸಾಲದು. ವರಾಹಕ್ಷೇತ್ರದ ಬಳಿ ಎತ್ತರದ ಅಣೆಕಟ್ಟನ್ನು ಕಟ್ಟುವ ಪ್ರಸ್ತಾಪ ಸ್ವಾತಂತ್ರ್ಯಪೂರ್ವದಿಂದಲೂ ಇದೆ. ಭೂಕಂಪದ ಸಂಭವ, ಅಣೆಕಟ್ಟಿನಲ್ಲಿ ತುಂಬುವ ಹೂಳು, ಮುಳುಗಡೆಯಾಗುವ ನೇಪಾಳದ ಹಳ್ಳಿಗಳು ಇವೇ ಅದರ ಮುಂದಿರುವ ಪ್ರಶ್ನೆಗಳು.

ಎರಡನೆಯ ಬಗೆ, ಏರಿಗಳಿಂದ ನದಿಯನ್ನು ಬಂಧಿಸುವುದು. ಬೇಗನೆ ಕಟ್ಟಬಹುದಾದ, ಸ್ಥಳೀಯ ಮಣ್ಣನ್ನೇ ಬಳಸುವ ಈ ಉಪಾಯದ ಗುಣದೋಷಗಳನ್ನು ಕೋಸಿಯ ಕಥೆಯೇ ಹೇಳುತ್ತದೆ. 1954ರಲ್ಲಿ ಬಿಹಾರದಲ್ಲಿದ್ದ ಏರಿಗಳ ಉದ್ದ ಸುಮಾರು 160 ಕಿಲೋಮೀಟರು. ಅದು ಮುಂದೆ 3,000 ಕಿಲೋಮೀಟರನ್ನು ಮೀರಿತು. ಅದೇ ಅವಧಿಯಲ್ಲಿ ರಾಜ್ಯದ ಪ್ರವಾಹಪೀಡಿತ ಪ್ರದೇಶವೆಂದು ಗುರುತಿಸಲಾದ ಭೂಮಿ 25 ಲಕ್ಷ ಹೆಕ್ಟೇರಿನಿಂದ 68 ಲಕ್ಷ ಹೆಕ್ಟೇರಿಗೂ ಮೇಲೇರಿತು. ಈ ಏರಿಕೆಗೆ ಏರಿಗಳೊಂದೇ ಕಾರಣವೆನ್ನಲಾಗದು. ಆದರೂ ಏರಿ ಕಟ್ಟಿದೊಡನೆ ಅಪಾಯ ತೊಲಗಿತೆಂದು ಭಾವಿಸಲಾಗದೆಂಬುದಕ್ಕೆ ಇದು ಸಾಕಾದ ಸೂಚನೆ.

ಮೂರನೆಯ ಬಗೆ, ನೀರಿಗೆ ಹರಡಲು ಅವಕಾಶವಿತ್ತು ಅದರ ರಭಸವನ್ನು ಮಾತ್ರ ತಗ್ಗಿಸುವುದು. ಜಪಾನಿನ ಕೋಫು ಕಣಿವೆಯಲ್ಲಿ 16ನೆಯ ಶತಮಾನದ ಪಾಳೆಯಗಾರ ತಾಕೆದಾ ಷಿಂಗೆನ್ ಕಟ್ಟಿಸಿದ ಒಡ್ಡುಗಳು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ಆ ದೇಶದ ಬೀಸಣಿಗೆಗಳ ಮೇಲೆ ಅಖಂಡವಾದ ಏರಿಯ ಬದಲು, ಅಲ್ಲಲ್ಲಿ ತೆರಪು ಬಿಟ್ಟು ಒಂದರ ಹಿಂದೊಂದು ಸರಿಸಿ ಕಟ್ಟಿದ ತುಂಡು ಏರಿಗಳ ಪದ್ಧತಿ ಬೆಳೆದುಬಂತು. ನೆರೆ ಬಂದಾಗ ನೀರು ತೆರಪುಗಳ ಮೂಲಕ ಹಿಮ್ಮುಖವಾಗಿ ನಿಧಾನವಾಗಿ ಹೊಲಗಳಿಗೆ ನುಗ್ಗುತ್ತದೆ. ಇಳಿದಾಗ ಅದೇ ದಾರಿಯಲ್ಲಿ ನದಿಗೆ ಮರಳುತ್ತದೆ. ಮುಂದಿನ ಏರಿ ಒಡೆದರೂ ಹಿಂದಿನದು ನೀರನ್ನು ನದಿಗೆ ತಿರುಗಿಸುತ್ತದೆ. ಇದಕ್ಕೆ ಬೇಕಾದುದು ನೀರಿಗೆಂದು ಮೀಸಲಿಟ್ಟ ಭೂಮಿ. ಜನಸಾಂದ್ರ ಪ್ರದೇಶದಲ್ಲಿ ಅದೇ ಕಷ್ಟದ ಮಾತು.

ಯಾವ ಬಗೆಯ ಕಾಮಗಾರಿಯಾದರೂ ಕಟ್ಟಿದ ಮೇಲೆ ಕಾಯುವ ಕೆಲಸ ತಪ್ಪದು. ಕೋಸಿಯ ಏರಿಗಳನ್ನು ಪ್ರತಿ ವರ್ಷ ಉನ್ನತ ಮಟ್ಟದ ತಜ್ಞ ಸಮಿತಿಯು ಪರಿಶೀಲಿಸುತ್ತದೆ. ಪುಣೆಯ ಸಂಶೋಧನಾ ಕೇಂದ್ರದಲ್ಲಿ ನದಿಯ ಚಿಕ್ಕ ಪ್ರತಿರೂಪದಲ್ಲಿ ನೀರು ಹರಿಸಿ ಅದರ ವರ್ತನೆಯನ್ನು ಅಧ್ಯಯನ ಮಾಡಲಾಗಿದೆ. 2024ರ ಸೆಪ್ಟೆಂಬರ್ 29ರಂದು ಬ್ಯಾರೇಜಿನ ಮೂಲಕ 6.61 ಲಕ್ಷ ಕ್ಯುಸೆಕ್ ನೀರು ಹರಿಯಿತು. ಇದು 1968ರ ಅನಂತರದ ಅತಿ ದೊಡ್ಡ ಹರಿವು. ಆಗ ದರ್ಭಂಗಾ ಜಿಲ್ಲೆಯಲ್ಲಿ ಪಶ್ಚಿಮದ ಏರಿ ಒಡೆಯಿತು.

ಭೂಬಳಕೆಯ ವಲಯಗಳು

ಕಾಮಗಾರಿಗಳಿಗೆ ಪೂರಕವಾದ ಉಪಾಯವೆಂದರೆ ಅಪಾಯಕ್ಕನುಗುಣವಾಗಿ ಭೂಬಳಕೆಯನ್ನು ನಿಗದಿಗೊಳಿಸುವುದು. ದೇಶದಲ್ಲಿ ಸುಮಾರು ನಾಲ್ಕು ಕೋಟಿ ಹೆಕ್ಟೇರು ಭೂಮಿ ಪ್ರವಾಹಕ್ಕೆ ಗುರಿಯಾಗಬಲ್ಲದೆಂದು ರಾಷ್ಟ್ರೀಯ ಪ್ರವಾಹ ಆಯೋಗವು 1980ರಲ್ಲಿ ಅಂದಾಜು ಮಾಡಿತು. ಅದಕ್ಕೂ ಮೊದಲೇ, 1975ರಲ್ಲಿ, ಕೇಂದ್ರವು ಪ್ರವಾಹ ಬಯಲಿನ ವಲಯೀಕರಣ ಕುರಿತ ಮಾದರಿ ಮಸೂದೆಯನ್ನು ರಾಜ್ಯಗಳಿಗೆ ಕಳುಹಿಸಿತ್ತು. 1978ರಲ್ಲಿ ಮಣಿಪುರ ಅಂತಹ ಕಾಯಿದೆಯನ್ನು ಮಾಡಿತು. ಹೆಚ್ಚಿನ ರಾಜ್ಯಗಳಲ್ಲಿ ಅದು ಕಾಯಿದೆಯಾಗಲಿಲ್ಲ. ಬಡವನಿಗೆ ದೊರೆಯುವ ಅಗ್ಗದ ನಿವೇಶನ ಅನೇಕ ವೇಳೆ ತಗ್ಗಿನ ನೆಲದಲ್ಲಿಯೇ ಇರುತ್ತದೆ. ಬೇರೆ ಜಾಗ ತೋರಿಸದೆ ಅಲ್ಲಿ ಮನೆ ಕಟ್ಟಬೇಡವೆಂದು ಹೇಳುವುದು ಸುಲಭವಲ್ಲ.

ಆದರೂ ಸಂಪೂರ್ಣ ನಿಷೇಧವೊಂದೇ ದಾರಿಯಲ್ಲ. ಹಳೆಯ ಪಾತ್ರಗಳ ಮೇಲೆ ಆಸ್ಪತ್ರೆ, ಶಾಲೆ, ವಿದ್ಯುತ್ ಕೇಂದ್ರಗಳನ್ನು ಕಟ್ಟದಿರುವುದು, ರಸ್ತೆಗಳ ಅಡಿಯಲ್ಲಿ ಧಾರುಗಳಿಗೆ ಸಾಕಷ್ಟು ಅಗಲದ ಸೇತುವೆಗಳನ್ನು ಬಿಡುವುದು, ಏರಿಯ ಹೊರಗಿನ ಹಳ್ಳಿಗಳಲ್ಲಿಯೂ ಎತ್ತರದ ಆಶ್ರಯಸ್ಥಾನಗಳನ್ನು ನಿರ್ಮಿಸುವುದು, ಎಚ್ಚರಿಕೆಯ ಸುದ್ದಿ ತಲುಪುವ ವ್ಯವಸ್ಥೆ ಮಾಡುವುದು ಇವು ಸಾಧ್ಯವಾದ ಕ್ರಮಗಳು.

ಉಪಸಂಹಾರ

ಮೆಕ್ಕಲು ಬೀಸಣಿಗೆಯು ನದಿಯೇ ಕಟ್ಟಿದ ನೆಲ. ಅದರ ಫಲವತ್ತತೆಗೆ ಕಾರಣವಾದ ಹೂಳೇ ಅದರ ಅಪಾಯಕ್ಕೂ ಕಾರಣ. ಏರಿಯು ಅಪಾಯವನ್ನು ಅಳಿಸುವುದಿಲ್ಲ. ಪ್ರತಿ ವರ್ಷದ ಸಣ್ಣ ಅಪಾಯವನ್ನು ಅಪರೂಪದ ದೊಡ್ಡ ಅಪಾಯವಾಗಿ ಮಾರ್ಪಡಿಸುತ್ತದೆ. ಹಾಗೆ ಮಾರ್ಪಟ್ಟ ಅಪಾಯವನ್ನು ಏರಿಯ ಹೊರಗೆ ವಾಸಿಸುವವರಿಗೆ ಮುಂಚಿತವಾಗಿ ತಿಳಿಸುವುದು ನಕ್ಷೆಯ ಕರ್ತವ್ಯ. 2008ರಲ್ಲಿ ಕೋಸಿ ಹಿಡಿದ ದಾರಿ ಆ ನೆಲದ ಮೇಲೆ ಮೊದಲೇ ಬರೆದಿತ್ತು. ಅಲ್ಲಿನ ಹಿರಿಯರಿಗೆ ಧಾರುಗಳ ಹೆಸರೂ ಗೊತ್ತಿತ್ತು. ಆ ಹೆಸರುಗಳನ್ನು ಇಂಜಿನಿಯರನ ನಕ್ಷೆಗೆ ತರುವುದು, ನಕ್ಷೆಯನ್ನು ಪಂಚಾಯಿತಿಯ ಗೋಡೆಗೆ ತಲುಪಿಸುವುದು ಇವೆರಡೂ ನಡೆದಾಗ, ಮುಂದೆ ಏರಿ ಒಡೆದರೂ ಜನರ ಪ್ರಾಣವನ್ನು ಉಳಿಸಿಕೊಳ್ಳುವುದು ಸಾಧ್ಯವಾದೀತು.